ಕೃತಕ ಎಂಬ ಪದಕ್ಕೆ ಜಾಗವಿರಲಿಲ್ಲ

ರಾತ್ರಿ ಹನ್ನೊಂದೂವರೆಗೆ ಮೂರನೇ ಪುಟದಲ್ಲಿ
ಜಾಗ ಸಾಲುವುದಿಲ್ಲ, ಯಾವತ್ತೂ.
ಸೂಪರ್ ಮಾರ್ಕೆಟ್ ಹಿಂದಿನ ನಮ್ಮ ಆಫೀಸಿನಲ್ಲಿ
ಕಲಬುರಗಿಯ ಬಿಸಿಯನ್ನೇ ಕೂಲರು ತಿರುಗಿಸಿ ಕೊಡುತ್ತದೆ.
ಲಾಲಪ್ಪ ಮೌಸ್ ಹಿಡಿದು ಕಾಯುತ್ತಾನೆ:
"ಮೇಡಂ, ಒಂದು ಪದ ಉಳೀತದ. ತೆಗೀರಿ."
ಹದಿನೇಳು ವರ್ಷದಿಂದ ತೆಗೆಯುತ್ತಲೇ ಇದ್ದೇನೆ.

*ಶೌಚಾಲಯಕ್ಕಾಗಿ ರಸ್ತೆಯಲ್ಲೇ ಕುಳಿತ ಸದಸ್ಯರು*
ಅದು ನನ್ನದೇ. "ಧರಣಿ" ಹಿಡಿಸಲಿಲ್ಲ.
*ಸ್ಮಶಾನಕ್ಕೆ ದಾರಿ ಕೊಡಿ: ಹಿರಿಯರ ಒತ್ತಾಯ*
ಇದರಲ್ಲಿ ಏನು ತೆಗೆದೆನೋ ನೆನಪಿಲ್ಲ;
ಮರುದಿನ ಮುದುಕರೊಬ್ಬರು ಫೋನ್ ಮಾಡಿ
"ಇಷ್ಟ್ ಅವಸರ ಇಲ್ರೀ ನಮಗ" ಅಂದದ್ದು ನೆನಪಿದೆ.
ಒಮ್ಮೆ ಬೇಕಂತಲೇ ಬರೆದೆ:
*ಗಂಜಿನಲ್ಲಿ ಬೇಯಲಿಲ್ಲ ಅಧ್ಯಕ್ಷರ ಬೇಳೆ*
ಯಾರೂ ನಗಲಿಲ್ಲ.
ಗಿರಣಿ ಮಾಲೀಕರೊಬ್ಬರ ಪತ್ರ ಬಂತು, ಸಹಿ, ಸೀಲು ಸಮೇತ:
ನಮ್ಮ ತೊಗರಿಬೇಳೆ ಎರಡೇ ಸೀಟಿಗೆ ಬೇಯುತ್ತದೆ.

ಹೋದ ಮಂಗಳವಾರದ್ದು ಸಣ್ಣ ಸುದ್ದಿ.
ಗಿರಣಿಯ ಬೆಲ್ಟಿಗೆ ಸಿಕ್ಕು ಕೈ ಹೋದ ಹಮಾಲ,
ಉಚಿತ ಶಿಬಿರ, ಹಾರ, ಭಾಷಣ, ಫೋಟೋ.
*ಕೈ ಕಳೆದುಕೊಂಡವನಿಗೆ ಕೃತಕ ಕೈ ಕೊಟ್ಟ ಆಸ್ಪತ್ರೆ*
"ಮೇಡಂ, ಒಂದು ಪದ."
ಮೂರೇ ಅಕ್ಷರ. ಕೃ. ತ. ಕ.
ತೆಗೆದೆ. ಮನೆಗೆ ಹೋಗಿ ಮಲಗಿದೆ.

ಬೆಳಗ್ಗೆ ಆಸ್ಪತ್ರೆಯವರು ಫೋನಿನಲ್ಲಿ
ಬರೀ ವಕೀಲರ ಹೆಸರು ಹೇಳಿ ಇಟ್ಟರು.
ಸುಸ್ಲಾ ಬಂಡಿಯವನು ಅದೇ ಪುಟದಲ್ಲಿ ಮಿರ್ಚಿ ಸುತ್ತಿ ಕೊಟ್ಟು
"ಮಸ್ತ್ ಬರದೀರಿ" ಎಂದ.
ಸಂಪಾದಕ ಗುರುಪಾದಪ್ಪನವರು ಕನ್ನಡಕ ಒರೆಸುತ್ತ:
"ವಿಷಾದ ಬರೀರಿ. ನಾಕು ಸಾಲು. ಜಾಗ ಇಟ್ಟೀನಿ."
ವಿಷಾದಕ್ಕಾದರೆ ಜಾಗ ಇರುತ್ತದೆ, ನೋಡಿ.

ಮೂರನೇ ಸಾಲಿನಲ್ಲಿದ್ದೆ, ಮಶಾಕ್ ಸಾಬ್ ಬಂದರು.
ಬಗಲಲ್ಲಿ ಪೇಪರು, ಕೈಯಲ್ಲಿ ಚೀಲ.
ಎದ್ದು ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ,
ಜಾಗ, ಪದ, ಲಾಲಪ್ಪ, ಕ್ಷಮೆ.
ಅವರು ಕುರ್ಚಿ ಎಳಕೊಂಡು ಕೂತು
ಚೀಲದಿಂದ ಹೊಸ ಕೈ ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟರು.
ಗೋಧಿ ಬಣ್ಣ. ಉಗುರೂ ಇದ್ದವು.
"ಹೆಬ್ಬೆರಳು ನೋಡ್ರಿ ಅಕ್ಕೋರೆ, ಯಾವ ಕಡಿ ಅದ?"
ನೋಡಿದೆ.
ಅವರ ಖಾಲಿ ತೋಳು ನೋಡಿದೆ.
ಮತ್ತೆ ಹೆಬ್ಬೆರಳು.

"ಹೋಗಿದ್ದು ಬಲಗೈ. ಕೊಟ್ಟಿದ್ದು ಎಡಗೈ.
ಮ್ಯಾಲ ಶಾಲು ಹೊಚ್ಚಿದ್ರು, ಫೋಟೋ ತೆಗಿಯೋತನಕ ನಾನೂ ನೋಡಿಲ್ಲ.
ಇಡೀ ಊರಾಗ ನೀವ್ ಒಬ್ರೇ ಖರೇ ಬರದೀರಿ."

ಲಾಲಪ್ಪ ಮೊದಲು ನಕ್ಕ. ಆಮೇಲೆ ಅವರು.
ನಾನು ಮೂರು ಸಾಲು ಅಳಿಸಿದೆ.
"ಮೇಡಂ, ಜಾಗ ಉಳೀತು. ಏನ್ ಹಾಕಲಿ?"
ಇರುವ ಕೈಯಿಂದ ಚಹಾ ಎತ್ತುತ್ತ ಮಶಾಕ್ ಸಾಬ್,
"ನನ್ನಂಥವ ಇನ್ನೊಬ್ಬ ಎಲ್ಲ್ಯರ ಇದ್ದೇ ಇರ್ತಾನ,
ಬಲಗೈ ಇಟಗೊಂಡು ಕೂತಾನ. ಕೇಳಿ ನೋಡ್ರಿ."

*ಬಲಗೈ ಬೇಕಾಗಿದೆ. ಸಂಪರ್ಕಿಸಿ.*
ಸರಿಯಾಗಿ ಹಿಡಿಸಿತು.

ಮರುದಿನ ಹನ್ನೊಂದು ಮಂದಿ ಫೋನ್ ಮಾಡಿದರು,
ಯಾವ ಸಾಹುಕಾರರಿಗೆ, ಪಗಾರ ಎಷ್ಟು ಅಂತ.
ಒಬ್ಬನ ಹತ್ತಿರ ಸ್ವಂತ ಬೈಕು ಕೂಡ ಇತ್ತು.