ಯಾಕೋ

ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ರಾತ್ರಿ ಪಾಳಿ.
ಆರನೇ ಮಂಚದ ಬಾಣಂತಿಗೆ
ಬೀಪಿ ನೂರಹತ್ತು ಎಪ್ಪತ್ತು, ನಾಡಿ ಎಂಬತ್ತೆಂಟು.
ಮಗು ಮುಷ್ಟಿ ಬಿಗಿದು ಮಲಗಿತ್ತು.
ದುಂಡಗೆ ಬರೆದೆ: ಎಲ್ಲ ಸರಿಯಾಗಿದೆ.

ಫಿನಾಯಿಲ್ ಬಕೆಟ್ಟು ಎಳೆದುಕೊಂಡು ಬಂದ ಪಿಳ್ಳಮ್ಮ
ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು.
"ಸಿಸ್ಟರೇ, ಆ ಹುಡುಗಿ ಯಾಕೋ ಸರೀಗಿಲ್ಲ."
ಏನಾಗಿದೆ ಅಂದೆ.
"ಏನೂ ಆಗಿಲ್ಲ. ಯಾಕೋ."

ಇನ್ನೊಮ್ಮೆ ಪಟ್ಟಿ ಸುತ್ತಿದೆ, ಸ್ವಲ್ಪ ಸಿಟ್ಟಿನಿಂದಲೇ.
ಅದೇ ನೂರಹತ್ತು. ಅದೇ ಎಪ್ಪತ್ತು.
ಪಿಳ್ಳಮ್ಮ ಸ್ಟೂಲು ಎಳೆದು ಮಂಚದ ಪಕ್ಕ ಕೂತಳು,
ಅರ್ಧ ನೆಲ ಹಸಿ, ಅರ್ಧ ಒಣ, ಹಾಗೇ ಬಿಟ್ಟು.

ನಲವತ್ತು ನಿಮಿಷ.
ಆಮೇಲೆ ಅವಳು ಕೂಗಿದ್ದು, ನಾನು ಓಡಿದ್ದು,
ಬಟ್ಟೆಯ ಮೇಲೆ ಬಟ್ಟೆ, ನೂರಾ ಎಂಟರ ಗಾಡಿ,
ಚಿಕ್ಕಬಳ್ಳಾಪುರದಲ್ಲಿ ಬೆಳಕು ಹರಿಯುವಾಗ
ಮೂರನೇ ಬಾಟಲಿ ರಕ್ತ ಏರುತ್ತಿತ್ತು.
ಬದುಕಿದಳು. ನನ್ನ ದುಂಡನೆಯ ಅಕ್ಷರ
ಕೇಸ್ ಶೀಟಿನಲ್ಲಿ ಇವತ್ತೂ ಇದೆ.

ಏಳು ವರ್ಷ ಕಳೆದು, ಡಂಡೀಯಲ್ಲಿ,
ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರಲ್ಲಿ
ಆ ಒಂದು ಪದಕ್ಕೆ ನನಗೆ ವಿದ್ಯಾರ್ಥಿವೇತನ.
ಮಾರ್ಗದರ್ಶಕಿ ಐಲೀನ್ ಕೇಳುತ್ತಾಳೆ: ನಿಮ್ಮ ಯಾಕೋ ಅಂದರೇನು?
ಇಂಗ್ಲಿಷಿನ ಮೂರು ಪದ ಬರೆದೆ, ಮೂರನ್ನೂ ಹೊಡೆದೆ.
ಯಾಕೆ ಅನ್ನುವುದು ಪ್ರಶ್ನೆ.
ಅದಕ್ಕೊಂದು ಓಕಾರ ಹಚ್ಚಿದರೆ
ಪ್ರಶ್ನೆ ಕೇಳುವುದನ್ನು ಬಿಟ್ಟು
ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತದೆ.

ನಮ್ಮಮ್ಮನ ವಿಷಯವನ್ನೂ ಹೇಳಿದ್ದೆ.
ಬಿಸಿನೀರಿನಲ್ಲಿ ಕುಣಿಯುವ ಗೂಡುಗಳ ನಡುವೆ ಬೆರಳಾಡಿಸಿ
ಕಾಣದ ಎಳೆಯ ತುದಿ ಎತ್ತುತ್ತಿದ್ದಳು,
ಕಣ್ಣು ಬಾಗಿಲ ಕಡೆ, ಬೈಗುಳ ನನ್ನ ಕಡೆ.
ಐಲೀನ್‌ಗೆ ಅದು ತುಂಬಾ ಹಿಡಿಸಿತು.
ಅದಕ್ಕೇ ಅಧ್ಯಾಯದಿಂದ ತೆಗೆದೆ.
ತುದಿ ಸಿಗದ ಗೂಡನ್ನು ಆಚೆ ಎಸೆಯಬಹುದು.
ಬಾಣಂತಿಯನ್ನಲ್ಲ.

"ಆಕೆ ಎಷ್ಟು ಸಲ ತಪ್ಪಿದ್ದಾಳೆ?"
ಕೇಳಬೇಕಾದ ಪ್ರಶ್ನೆಯೇ. ಆದರೂ
ಹಾಸ್ಟೆಲಿನ ತನಕ ಹಲ್ಲು ಕಚ್ಚಿಕೊಂಡು ನಡೆದೆ.
ನಾನು ಎಣಿಸಿರಲಿಲ್ಲ. ಯಾರೂ ಎಣಿಸಿರಲಿಲ್ಲ.

ರೇಷ್ಮೆಗೂಡಿನ ಮಾರುಕಟ್ಟೆ ಹಿಂದಿನ ಓಣಿ,
ಬೆಂದ ಹುಳದ ವಾಸನೆ, ನೀಲಿ ಬಾಗಿಲು.
ನಿವೃತ್ತಿಯೆಂಬ ಮಾತೇ ಇಲ್ಲದ ಗುತ್ತಿಗೆ ಕೆಲಸದಿಂದ
ಒಂದು ಸೋಮವಾರ ಬರಬೇಡವೆಂದು ಹೇಳಿಸಿಕೊಂಡ ಪಿಳ್ಳಮ್ಮ
ಈಗ ಮೊಮ್ಮಗನ ಅಂಗಡಿಗೆ ಹುಣಸೆಹಣ್ಣು ಬಿಡಿಸುತ್ತಾಳೆ.

ಒಪ್ಪಿಗೆ ಪತ್ರ ಓದಿ ಹೇಳಿದೆ:
ಯಾವಾಗ ಬೇಕಾದರೂ ನೀವು ಹಿಂದೆ ಸರಿಯಬಹುದು.
"ಎಲ್ಲಿಂದ?" ಅಂದಳು.
ಹೆಸರು ಗೌಪ್ಯವಾಗಿರುತ್ತದೆ.
"ಅದೊಂದು ಇತ್ತು, ಅದನ್ನೂ ಮುಚ್ಚಿಡ್ತೀಯಾ?"
ಹುಣಸೆಯಂಟಿನ ಹೆಬ್ಬೆಟ್ಟು ಕಾಗದಕ್ಕೆ ಒತ್ತಿದಳು,
ಶಾಯಿ ಡಬ್ಬಿ ತೆಗೆಯುವ ಮೊದಲೇ.

ರೆಕಾರ್ಡರಿನ ಕೆಂಪು ದೀಪ ಹತ್ತಿಸಿ ಕೇಳಿದೆ:
ಯಾಕೋ ಅಂದಿದ್ದು ಸುಳ್ಳಾಗಿದ್ದು ಉಂಟಾ?

ಬೀಜ ಒಂದನ್ನು ಬೆರಳಲ್ಲಿ ಉರುಳಿಸಿದಳು.
"ಬೇಕಾದಷ್ಟು ಸಲ. ವಾರಕ್ಕೆರಡು ಅಂತ ಇಟ್ಕೊ.
ರಾತ್ರಿಯೆಲ್ಲ ಕಾದು ಕೂತಿರ್ತಿದ್ದೆ,
ಬೆಳಿಗ್ಗೆ ಎದ್ದು ಕಾಫಿ ಕೇಳೋರು.
ಅಂಥ ದಿನ ಮನೇಗೆ ಬಂದು ಹೊಟ್ಟೆ ತುಂಬ ಉಣ್ತಿದ್ದೆ.
ಸುಳ್ಳಾಗ್ಲಿ ಅಂತಾನೇ ಅಲ್ವೇನೆ ಹೇಳೋದು?"

ನನ್ನ ನಮೂನೆಯಲ್ಲಿ ಎರಡೇ ಚೌಕ:
ಸರಿ, ತಪ್ಪು.
ಪೆನ್ನು ಎರಡರ ನಡುವಿನ ಗೆರೆಯ ಮೇಲೆ.

ಹೊರಡುವಾಗ ಮುಖ ನೋಡಿದಳು,
ಆ ರಾತ್ರಿ ಮಂಚದ ಕಡೆ ನೋಡಿದ ಹಾಗೆ.
"ನೀನ್ ಯಾಕೋ ಸರೀಗಿಲ್ಲ ಕಣೆ."
ಏನಾಗಿದೆ ಪಿಳ್ಳಮ್ಮ, ನಕ್ಕೆ.
ಅವಳು ನಗಲಿಲ್ಲ. ಮಣೆಯೊಂದನ್ನು ನನ್ನ ಕಡೆ ತಳ್ಳಿದಳು.

ಬಸ್ಸಿಗೆ ಹೊತ್ತಾಗಿತ್ತು.

ನಲವತ್ತೊಂದನೇ ನಿಮಿಷದಲ್ಲಿದೆ ಆ ಮಾತು.
ಡಂಡೀಯ ಕೋಣೆಯಲ್ಲಿ ಬರೆದಿಳಿಸುತ್ತಾ ಬಂದವಳು
ಅಲ್ಲಿಗೆ ನಿಲ್ಲಿಸಿ, ಪಟ್ಟಿಯನ್ನು
ನನ್ನ ತೋಳಿಗೇ ಸುತ್ತಿಕೊಂಡೆ.

ನೂರಹತ್ತು. ಎಪ್ಪತ್ತು.