ಹಲ್ಲಿನ ಲೆಕ್ಕ

ವಕೀಲ ಹಾಲೇಶಪ್ಪ ಕನ್ನಡಕ ಹಣೆಗೇರಿಸಿ
ನನ್ನ ಮೀನಖಂಡದ ಮೇಲೆ ಬಾಗಿದರು,
ತೆನೆಯಲ್ಲಿ ಕಾಳು ಎಣಿಸುವವರ ಹಾಗೆ.
‘ಏಳು,’ ಅಂದರು. ‘ಎಂಟನೆಯದು ಅನುಮಾನ.
ಎಲ್ಲೋ ಒಂದು ಕೋರ್ಟು
ಹಲ್ಲಿಗಿಷ್ಟು ಅಂತ ಕೊಡಿಸಿದೆಯಂತೆ.
ನೋಡೋಣ, ಖಾತೂನಬಿ.’

ಸೆರಗಿನೊಳಗೆ ಬೆರಳು ಮಡಚಿದೆ.
ಎಂಟನೆಯದೂ ಸರಿಯಾಗಿ ಇಳಿದಿದ್ದರೆ
ಮಗಳ ನರ್ಸಿಂಗ್ ಫೀಸಿನ ಎರಡನೇ ಕಂತು...
ತೋಬಾ, ಎಂಥ ಯೋಚನೆ,
ನಾಯಿ ಇನ್ನೊಂಚೂರು ಚೆನ್ನಾಗಿ ಕಚ್ಚಬಾರದಿತ್ತೇ ಎಂದು!

ಮಂಡಕ್ಕಿ ಭಟ್ಟಿಗಳ ನಮ್ಮ ಬೀದಿಗೆ
ಬೆಳಕಿಗಿಂತ ಮೊದಲು ಹೊಗೆ ಬರುತ್ತದೆ.
ಅವತ್ತು ನಸುಕಿನ ನಾಲ್ಕು,
ತಲೆಯ ಮೇಲೆ ಹೊಟ್ಟಿನ ಚೀಲ.
ಹೊಗೆಯೊಳಗಿಂದ ಬಂತು, ಬೊಗಳಲಿಲ್ಲ.
ಬೊಗಳಿದ್ದರೆ ದನಿಯಿಂದಲೇ ತಿಳಿಯುತ್ತಿತ್ತು:
ಅಜೀಜುಲ್ಲಾ ಸಾಹುಕಾರರ ಗೋದಾಮಿನ ಕರಿಯ,
ಹಗಲೆಲ್ಲ ಸರಪಳಿ, ರಾತ್ರಿ ಬಿಡುಗಡೆ.
ಚೀಲ ಹರಿದು ಹೊಟ್ಟು ಚೆಲ್ಲಿತು.
ಅದರ ದುಡ್ಡನ್ನು ಆ ವಾರವೇ ಮುರಿದುಕೊಂಡರು.

ಚಿಗಟೇರಿ ಆಸ್ಪತ್ರೆಯ ಸಿಸ್ಟರ್ ಕೇಳಿದಳು:
‘ಸುಣ್ಣ, ಖಾರದಪುಡಿ ಏನೂ ಹಚ್ಚಿಲ್ಲ ತಾನೇ?’
ಹಚ್ಚಿದ್ದೆ. ಇಲ್ಲವೆಂದೆ.
ಐದು ಸೂಜಿ, ಐದು ತಾರೀಖು,
ಐದು ದಿನದ ಕೂಲಿ ಖೋತಾ.

ಪಾಲಿಕೆಯಲ್ಲಿ ಅಂದರು: ಬೀದಿನಾಯಿಯಾದರೆ ನಮ್ಮದು,
ಸಾಕಿದ್ದಾದರೆ ಅವರದ್ದು.
ಗೋದಾಮಿನಲ್ಲಿ ಅಂದರು: ಬೀದಿಯದ್ದು.
ಅಷ್ಟರಲ್ಲಿ ಸರಪಳಿ ಮಾಯವಾಗಿತ್ತು.
ಹಗಲು ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ
ಕರಿಯ ಮೂರು ದಿನ
ಆ ಬಾಗಿಲಲ್ಲೇ ಕೂತಿತ್ತು.

ನಮ್ಮ ನೋಟೀಸಿಗೆ ಉತ್ತರ ಬಂತು.
ಹಾಲೇಶಪ್ಪ ನಿಧಾನಕ್ಕೆ ಓದಿದರು:
‘ಸದರಿ ನಾಯಿಗೂ ನಮ್ಮ ಕಕ್ಷಿದಾರರಿಗೂ
ಯಾವುದೇ ಸಂಬಂಧ ಇರುವುದಿಲ್ಲ.
ಸದರಿ ನಾಯಿಗೆ ದಿನಂಪ್ರತಿ ಮಂಡಕ್ಕಿ ಹಾಕುತ್ತಿದ್ದವರು
ಅರ್ಜಿದಾರರೇ ಆಗಿದ್ದು,
ಅನ್ನ ಹಾಕಿದವರೇ ಮಾಲೀಕರೆಂದು
ಭಾವಿಸತಕ್ಕದ್ದು.’

ಸುಳ್ಳಲ್ಲ. ಜರಡಿಯಲ್ಲಿ ಉಳಿದ ಮುರುಕು,
ಸೀದದ್ದು, ಮಾರಾಟಕ್ಕಾಗದ್ದು
ಒಂದು ಬೊಗಸೆ ಹಾಕುತ್ತಿದ್ದೆ.

ಆಗಲಿ, ವಕೀಲರೇ.
ಇಪ್ಪತ್ತೆರಡು ವರ್ಷ ಕಾದ ಮರಳಿನಲ್ಲಿ
ಈ ದಾವಣಗೆರೆಯ ಸಂಜೆಗಳನ್ನು ಹುರಿದವಳು ನಾನು.
ಅಶೋಕ ರಸ್ತೆಯ ಗೇಟು ಬಿದ್ದಾಗ
ಸ್ಕೂಟರ್ ಮೇಲೆ ಕೂತೇ ಪೊಟ್ಟಣ ಬಿಚ್ಚುವವರು,
ಕೋರ್ಟಿನ ಎದುರು ನರ್ಗೀಸ್ ಮಂಡಕ್ಕಿಗೆ
ನಿಂಬೆ ಹಿಂಡಿಕೊಳ್ಳುವ ಗುಮಾಸ್ತರು,
ಈ ಕಾಗದ ಟೈಪು ಮಾಡಿ ಬೆರಳ ಖಾರ ನೆಕ್ಕಿದ ಹುಡುಗ,
ಎಲ್ಲರೂ ನಾನು ಸಾಕಿದವರೇ ಹಾಗಾದರೆ?
ಇವರೆಲ್ಲ ಕಚ್ಚಿದ್ದಕ್ಕೂ
ದಂಡ ನಾನೇ ಕಟ್ಟಬೇಕೆ?

ಹಾಲೇಶಪ್ಪ ನಗಲಿಲ್ಲ.
‘ಇದು ವಾದಕ್ಕಾಗೋದಿಲ್ಲ,’ ಎಂದರು, ಬರೆದುಕೊಂಡರು.
ಆಮೇಲೆ: ‘ನಾಯಿಯ ಫೋಟೋ ಇದ್ದರೆ ತನ್ನಿ.’

ರಾತ್ರಿ ಭಟ್ಟಿಯ ಬೆಂಕಿ ಆರಿಸಿದ ಮೇಲೆ
ಮಗಳನ್ನು ಕರೆದುಕೊಂಡು ಹೋದೆ.
ಕರಿಯ ದೂರ ನಿಂತಿತು.
ನನ್ನ ಕಾಲು ತನ್ನಷ್ಟಕ್ಕೆ ಹಿಂದೆ ಸರಿಯಿತು.
ಸೆರಗಿನ ಗಂಟು ಬಿಚ್ಚಿ ಕೈ ಚಾಚಿದೆ,
ಕೈ ನಡುಗುತ್ತಲೇ ಇತ್ತು.
ಬಂತು. ತಲೆ ತಗ್ಗಿಸಿತು.

ಮೊಬೈಲಿನ ಬೆಳಕಿನಲ್ಲಿ ಕಂಡಿತು:
ಕುತ್ತಿಗೆಯ ಸುತ್ತ ಕೂದಲು ಸವೆದು
ಒಂದು ಬೋಳು ಉಂಗುರ,
ವರ್ಷಗಟ್ಟಲೆ ಸರಪಳಿ ತಿಂದ ಜಾಗ.
ಇದಕ್ಕೆ ಯಾರು ಕೊಡುತ್ತಾರೆ, ಎಷ್ಟು,
ಕೊಂಡಿಗಿಷ್ಟು ಅಂತಲೇ?

ಫೋಟೋದಲ್ಲಿ ಉಂಗುರ ಚೊಕ್ಕ ಬಂದಿದೆ.
ಪಕ್ಕದಲ್ಲೇ ನನ್ನ ಕೈ,
ಅದರ ತುಂಬ ಮಂಡಕ್ಕಿ.

‘ಅಮ್ಮೀ, ಕೈ ಕತ್ತರಿಸಿ ಕಳಿಸೋಣ,’ ಎಂದಳು ಮಗಳು,
‘ಅವರ ಕಡೆಯ ಸಾಕ್ಷಿ ಆಗುತ್ತೆ.’

ಕರಿಯ ಇನ್ನೂ ಮೆಲ್ಲುತ್ತಿತ್ತು.
ಇರಲಿ ಬಿಡು, ಎಂದೆ.