ಎಡಗಾಲು

ಒತ್ತು, ಅಂದ.
ಒತ್ತಿದೆ. ಜೀಪಿನ ಹೊಟ್ಟೆಯಲ್ಲಿ
ಒಣ ಕಬ್ಬಿಣ ಕಿರ್ರನೆ ಅರಚಿತು.
ಬಿಡು, ಅಂದ.
ಬಿಟ್ಟೆ. ಗಪ್ಪಾಯಿತು.
ಪೂರ್ತಿ ಬ್ಯಾಡ, ಎರಡು ಬೆರಳಷ್ಟು ಒತ್ತು.
ಅಷ್ಟಕ್ಕೇ ಶುರು.

ಕಾರಟಗಿಯ ರೈಸ್ ಮಿಲ್ಲಿನ ಹಿಂದೆ ಶೆಡ್ಡು.
ಗ್ರೀಸಿನ ಡಬ್ಬಿಯ ಮೇಲೂ ಹೊಟ್ಟಿನ ಬೂದಿ.
ಮಿಲ್ಲಿನ ಸದ್ದಿಗೆ ಮೌಲಾಸಾಬನ ಕಿವಿ ಅರ್ಧ ಸವೆದಿವೆ;
ಅವನು ಕೇಳುವುದು ಹಲ್ಲಿನಿಂದ.
ಉದ್ದ ಸ್ಕ್ರೂಡ್ರೈವರಿನ ತುದಿ ಬೆಲ್ ಹೌಸಿಂಗಿಗೆ ಆನಿಸಿ
ಹಿಡಿಯನ್ನು ಕಚ್ಚಿಕೊಂಡು
ಜೀಪಿನಡಿ ಮಲಗಿದ.
ಬಾಯಿ ಕಟ್ಟಿತ್ತು, ಹೊರಗುಳಿದ ಪಾದವೇ ಅಪ್ಪಣೆ ಕೊಟ್ಟಿತು:
ಹೆಬ್ಬೆರಳು ಬಗ್ಗಿದರೆ ಒತ್ತು, ನೆಟ್ಟಗಾದರೆ ಬಿಡು.

ಗಂಗಾವತಿಯವನು ಗೇರ್ ಬಾಕ್ಸೇ ಹೋಯ್ತು ಅಂದಿದ್ದ,
ಹದಿನೆಂಟು ಸಾವಿರ.
ಇವನು ಎದ್ದು, ಉಗುಳಿ, ಅಂದ:
'ಬಿಟ್ಟಾಗ ಒದರಿದ್ರ ಅದರದು.
ಇದು ಒತ್ತಿದಾಗ ಒದರತೈತಿ. ರಿಲೀಸ್ ಬೇರಿಂಗು.'

ಮಧ್ಯಾಹ್ನಕ್ಕೆ ಬಿಚ್ಚಿ ಅಂಗೈಗೆ ಹಾಕಿದ,
ಸುಟ್ಟು ನೀಲಿಗಟ್ಟಿದ ಬಳೆ.
ತಿರುಗಿಸಿದೆ. ಬೀಸುಕಲ್ಲಿಗೆ ಉಸುಕು ಬಿದ್ದಂತೆ
ಬೆರಳು ಜುಮ್ಮೆಂದಿತು.

'ಕ್ಲಚ್ಚಿನ ಮ್ಯಾಲೆ ಕಾಲಿಟ್ಕೊಂಡೇ ಓಡಸ್ತಿ ನೀನು.'
ಇಲ್ಲಪಾ, ಅಂದೆ.
ವಾದಿಸಲಿಲ್ಲ. ಪೆಡಲಿನ ರಬ್ಬರಿಗೆ ಬ್ಯಾಟರಿ ಹಿಡಿದ.
ಎಡ ಮೂಲೆಯ ಗೆರೆಗಳೆಲ್ಲ ಸವೆದು
ನನ್ನ ಹೆಬ್ಬೆರಳಿನ ಅಳತೆಯ ಗುಳಿ.

ಏನು ಹೇಳಲಿ.
ನಾಟಿಯ ದಿನಗಳಲ್ಲಿ ಹಿಂದೆ ಹದಿನಾರು ಹೆಂಗಸರು.
ಒಬ್ಬಳಿಗೆ ಎಲೆ ಅಡಿಕೆ, ಒಬ್ಬಳಿಗೆ ಮರೆತ ಬುತ್ತಿ,
ಒಬ್ಬಳಿಗೆ ಕಾಲುವೆ ದಂಡೆಯಲ್ಲಿ ಸುಮ್ಮನೆ ಇಳಿಯಬೇಕು.
ತಗಡು ಬಡಿದು 'ಯಂಕೋಬಾ, ನಿಲ್ಲಸೋ' ಅನ್ನುವುದರೊಳಗೆ
ನಿಂತಿರಬೇಕೆಂದು
ಈ ಎಡಗಾಲು ಇಪ್ಪತ್ತು ವರ್ಷ
ಅರ್ಧ ಎದ್ದೇ ಕುಂತಿತ್ತು.

ಮರುದಿನ ನಸುಕು, ಹೊಸ ಬೇರಿಂಗು.
ಕಾಲನ್ನು ಕೆಳಗಿಟ್ಟೆ.
ಬೀಗರ ಮನೆಗೆ ಮೊದಲ ಸಲ ಬಂದವನಂತೆ
ಎಲ್ಲಿ ಕೂರಲೆಂದು ತಿಳಿಯದೆ ಅತ್ತಿತ್ತ ಸರಿಯಿತು.
ತಿಂಗಳ ಮೇಲೆ ಹಿಂದಿನವರ ಮಾತು ಕಿವಿಗೆ ಬಿತ್ತು:
'ಯಾಕವ್ವಾ, ಯಂಕೋಬನ ಜೀಪು ಇವತ್ತು ಮಾತು ಬಿಟ್ಟೈತಿ?'
ದುರುಗವ್ವನ ದನಿ:
'ಸಣ್ಣಗ ಮಾತಾಡ್ರೇ. ಇನ್ನ ಅವಗ ಎಲ್ಲಾ ಕೇಳತೈತಿ.'

ತಗಡು ಬಡಿಯಿತು.
ನಿಲ್ಲಿಸಿದೆ,
ನಾಲ್ಕು ಮಾರು ಆಚೆ.